ಬಡಿಸದವರಿಗೊಂದು ಭಕ್ಷೀಸು

ಹೋಟೆಲಿನಲ್ಲಿ ತಿಂಡಿ ತಿಂದೆದ್ದ ಮೇಲೆ ಒಂದೆರಡು ನಾಣ್ಯಗಳನ್ನು ಮೇಜಿನ ಮೇಲೆ ಬಿಡಬೇಕೆ, ಬೇಡವೆ ಎಂಬ ಪ್ರಶ್ನೆ ನನ್ನ ತಂದೆಯವರನ್ನು ಎಂದೂ ಕಾಡಿದಂತೆ ಕಾಣಲಿಲ್ಲ. ಬಾಲ್ಯದಲ್ಲಿ ಅವರೊಡನೆ ಕಲಬುರಗಿಯ ಹೋಟೆಲುಗಳಿಗೆ ಹೋದಾಗಲೆಲ್ಲ ಮಾಣಿಯೊಬ್ಬ ಬಂದು ಮೇಜನ್ನೊರೆಸಿ, ಐದು ಬೆರಳುಗಳನ್ನು ಐದು ಲೋಟಗಳಲ್ಲಿ ಅದ್ದಿ ನೀರು ತಂದಿಟ್ಟು, ಅಂದಿನ ತಿಂಡಿಗಳ ಸಹಸ್ರನಾಮವನ್ನು ಒಂದೇ ಉಸಿರಿನಲ್ಲಿ ಪಠಿಸುತ್ತಿದ್ದ. ಕೊನೆಗೆ ಸೋಂಪು ಹರಡಿದ ತಟ್ಟೆಯಲ್ಲಿ ಬಿಲ್ಲು ಬರುತ್ತಿತ್ತು. ತಂದೆಯವರು ಮರಳಿ ಬಂದ ಚಿಲ್ಲರೆಯಲ್ಲಿ ಎರಡು ರೂಪಾಯಿಯನ್ನು ಸೋಂಪಿನ ನಡುವೆಯೇ ಬಿಟ್ಟು ಏಳುತ್ತಿದ್ದರು. ಅವರು ಮಾಣಿಯ ಮುಖವನ್ನು ನೋಡುತ್ತಿರಲಿಲ್ಲ. ಮಾಣಿಯೂ ನಾಣ್ಯವನ್ನು ನೋಡದವನಂತೆ ನಟಿಸುತ್ತಿದ್ದ. ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು.

ನನ್ನ ಪಾಲಿಗೆ ಆ ಸೌಲಭ್ಯವಿಲ್ಲ. ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ‘ಕೆಫೆ ದರ್ಶಿನಿ’ ಎಂಬುದು ಬಾಗಿಲು ತೆರೆದಂದಿನಿಂದ, ನಿಂತು ತಿನ್ನುವ ಕಲೆ ಕರ್ನಾಟಕದ ಊರೂರಿಗೂ ಹಬ್ಬಿ ನಮ್ಮ ಕಲಬುರಗಿಗೂ ಬಂದಿದೆ. ಕಾಲೇಜಿಗೆ ಹೋಗುವ ಮುನ್ನ ನಾನು ನಿತ್ಯ ತಿಂಡಿ ತಿನ್ನುವುದು ಬಸ್ ನಿಲ್ದಾಣದ ಕಡೆಗಿರುವ ಅಂಥದೊಂದು ಉಪಾಹಾರ ಮಂದಿರದಲ್ಲಿ. ಅಲ್ಲಿ ಮೊದಲು ದುಡ್ಡು, ಆಮೇಲೆ ಚೀಟಿ, ಆಮೇಲೆ ಸರತಿ, ಕಟ್ಟಕಡೆಗೆ ಇಡ್ಲಿ. ಗೋಡೆಯ ಮೇಲೆ ‘ಸ್ವಯಂಸೇವೆ’ ಎಂದು ಬರೆದಿದೆ. ಕನ್ನಡದಲ್ಲಿ ತಿಂದರೂ ಸೇವನೆ, ದುಡಿದರೂ ಸೇವೆ. ಆದುದರಿಂದ ಈ ಫಲಕ ವ್ಯಾಕರಣದ ದೃಷ್ಟಿಯಿಂದ ನಿರ್ದುಷ್ಟವೆಂದೇ ಹೇಳಬೇಕು. ನನಗೆ ನಾನೇ ಮಾಣಿ, ನಾನೇ ಗಿರಾಕಿ. ಹಾಗಾದರೆ ಭಕ್ಷೀಸನ್ನು ಬಲಗೈಯಿಂದ ಎಡಗೈಗೆ ಕೊಟ್ಟುಕೊಂಡು ಬರಬೇಕೆ?

ಈ ‘ಭಕ್ಷೀಸು’ ಎಂಬ ಮಾತಿನದೂ ಒಂದು ಕಥೆ. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯಲ್ಲಿ ಉರ್ದುವಿನ ಮೂಲಕ ಬಂದ ಫಾರಸಿ ಶಬ್ದಗಳು ಮನೆಮಕ್ಕಳಂತೆ ಓಡಾಡುತ್ತವೆ. ಇದೂ ಅವುಗಳಲ್ಲೊಂದು. ಕನ್ನಡಿಗರು ಮೊದಲಕ್ಷರಕ್ಕೊಂದು ಮಹಾಪ್ರಾಣವನ್ನು ಹಚ್ಚಿ, ಅದನ್ನು ಭಕ್ಷ್ಯಗಳ ನೆಂಟನನ್ನಾಗಿ ಮಾಡಿಬಿಟ್ಟಿದ್ದಾರೆ. ಮೂಲದ ಫಾರಸಿ ಧಾತುವಿಗೆ ಕೊಡುವುದು ಎಂಬರ್ಥವೂ ಇದೆ, ಕ್ಷಮಿಸುವುದು ಎಂಬರ್ಥವೂ ಇದೆ. ಇನ್ನು ನಮ್ಮದೇ ಆದ ‘ನೀಡು’ ಎಂಬ ಶಬ್ದವನ್ನು ನೋಡಿ. ಗ್ರಂಥಗಳಲ್ಲಿ ಅದರ ಅರ್ಥ ಕೊಡುವುದು. ನಮ್ಮ ಕಡೆಯ ಮನೆಗಳಲ್ಲಿ ‘ಇನ್ನೊಂದು ರೊಟ್ಟಿ ನೀಡು’ ಎಂದರೆ ಬಡಿಸು ಎಂದೇ ಅರ್ಥ. ನಮ್ಮ ತಾಯಂದಿರಿಗೆ ಬಡಿಸುವುದಕ್ಕೂ ಕೊಡುವುದಕ್ಕೂ ಬೇರೆ ಬೇರೆ ಕ್ರಿಯಾಪದಗಳು ಬೇಕಾಗಿರಲಿಲ್ಲ. ತರಗತಿಯಲ್ಲಿ ಇದನ್ನು ಹೇಳಿ ವಿದ್ಯಾರ್ಥಿಗಳ ಮೆಚ್ಚುಗೆ ಗಳಿಸಿದವನು ನಾನು. ಇದರ ಪೂರ್ತಿ ತಾತ್ಪರ್ಯ ನನಗೆ ಆಗಿದ್ದು ಮಾತ್ರ ತಡವಾಗಿ.

ಆ ಉಪಾಹಾರ ಮಂದಿರದಲ್ಲಿ ಎಂಜಲು ತಟ್ಟೆಗಳನ್ನೆತ್ತಿ ಮೇಜುಗಳನ್ನೊರೆಸುವ ಒಬ್ಬ ಹೆಂಗಸಿದ್ದಾಳೆ. ವಯಸ್ಸು ಐವತ್ತರ ಸುಮಾರು. ನೀಲಿಯ ಬುಟ್ಟಿಯೊಂದನ್ನು ಸೊಂಟಕ್ಕೊತ್ತಿಕೊಂಡು ಜನರ ಮೊಳಕೈಗಳ ನಡುವೆ ಹಾದುಹೋಗುತ್ತಾಳೆ. ವೈಶಾಖದಲ್ಲಿ ನಮ್ಮ ಊರಿನ ಬಿಸಿಲು ನಲವತ್ತು ಡಿಗ್ರಿ ದಾಟಿದಾಗಲೂ ಆಕೆ ಫ್ಯಾನಿನ ಕೆಳಗೆ ನಿಂತುದನ್ನು ನಾನು ಕಂಡಿಲ್ಲ. ಫ್ಯಾನಿನ ಕೆಳಗೆ ನಾವಿರುತ್ತೇವಲ್ಲ! ಬಹುಕಾಲ ನಾನು ಆಕೆಯನ್ನು ಸರಿಯಾಗಿ ನೋಡಿರಲೇ ಇಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಬಡಿಸುವವನಿಗೊಂದು ಮುಖವಿರುತ್ತದೆ, ಎತ್ತುವವಳಿಗೆ ಕೈ ಮಾತ್ರ.

ಒಂದು ದಿನ, ನಮ್ಮ ಶರಣಬಸವೇಶ್ವರ ಗುಡಿಯ ದಾಸೋಹದ ನೆನಪಾಗಿಯೋ ಏನೋ, ನನ್ನಲ್ಲಿ ಸದ್ಬುದ್ಧಿ ಉದಿಸಿತು. ತಿಂದ ತಟ್ಟೆಯನ್ನು ನಾನೇ ಎತ್ತಿಕೊಂಡು ಹೋಗಿ ಆಕೆಯ ಬುಟ್ಟಿಯಲ್ಲಿಟ್ಟು, ಮೇಜಿನ ಮೇಲೆ ಚೆಲ್ಲಿದ ಸಾಂಬಾರನ್ನು ಕಾಗದದಿಂದ ಒರೆಸಿದೆ. ಧನ್ಯವಾದವನ್ನು ನಿರೀಕ್ಷಿಸಿರಲಿಲ್ಲವೆಂದರೆ ಸುಳ್ಳಾದೀತು. ಆಕೆ ಸುತ್ತ ನೋಡಿ ಮೆಲ್ಲಗೆ ಹೇಳಿದಳು: “ಹಿಂಗ ಮಾಡಬ್ಯಾಡ್ರಿ ಸರ. ಎಲ್ಲಾರೂ ತಮ್ಮ ತಾಟು ತಾವೇ ಎತ್ತಿಟ್ರ ನನಗ್ಯಾಕ ಪಗಾರ ಕೊಡ್ತಾರ?”

ನಾನು ನಿರುತ್ತರನಾದೆ. ಮರುದಿನದಿಂದ ಉಪಕಾರದ ದಾರಿಯನ್ನು ಬದಲಿಸಿದೆ. ಗಲ್ಲೆಯ ಪಕ್ಕದಲ್ಲಿ ‘ಟಿಪ್ಸ್’ ಎಂದು ಬರೆದ ಪಾರದರ್ಶಕ ಡಬ್ಬಿಯೊಂದಿದೆ. ಐವತ್ತು ರೂಪಾಯಿಯ ತಿಂಡಿಗೆ ಶೇಕಡಾ ಹತ್ತೆಂದರೆ ಐದು ರೂಪಾಯಿ, ಐದರ ನೋಟು ಈಗ ಕೈಗೆ ಸಿಗುವುದು ಅಪರೂಪ, ಹೀಗಾಗಿ ಹತ್ತು. ಗಲ್ಲೆಯ ಮೇಲಿನವನಿಗೆ ಕಾಣುವಂತೆ, ಆದರೆ ತೋರಿಸಿದಂತೆ ಕಾಣದಂತೆ, ನೋಟನ್ನು ಮಡಚಿ ಒಳಗೆ ಬಿಡುವ ಹದವನ್ನು ನಾಲ್ಕು ತಿಂಗಳಲ್ಲಿ ಚೆನ್ನಾಗಿ ಸಾಧಿಸಿಕೊಂಡೆ. ಫೋನಿನಲ್ಲಿ ಹಣ ಕೊಡುವ ಈ ದಿನಗಳಲ್ಲಿ, ಕೇವಲ ಭಕ್ಷೀಸಿಗಾಗಿ ಜೇಬಿನಲ್ಲಿ ನೋಟು ಇಟ್ಟುಕೊಳ್ಳುವ ಮನುಷ್ಯ ನಾನೊಬ್ಬನೇ ಇರಬೇಕೆಂಬ ಗರ್ವವೂ ಸ್ವಲ್ಪ ಬೆಳೆಯಿತು. ದೊಡ್ಡ ಹೋಟೆಲುಗಳು ಬಿಲ್ಲಿಗೆ ತಾವಾಗಿಯೇ ಸೇವಾಶುಲ್ಕ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿದುದನ್ನೂ, 2025ರ ಮಾರ್ಚಿಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಆ ಮಾತನ್ನು ಎತ್ತಿಹಿಡಿದುದನ್ನೂ ಓದಿದಾಗ, ಸ್ವಂತ ಇಚ್ಛೆಯಿಂದ ಕೊಡುವ ನನ್ನಂಥವನಿಗೆ ಇದರ ಗೊಡವೆಯೇನು ಎಂದುಕೊಂಡೆ.

ನನ್ನ ತಾಯಿ ಇರುವುದು ಕಮಲಾಪುರದಲ್ಲಿ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ರಸ್ತೆಯಲ್ಲಿ, ಕೆಂಪು ಬಾಳೆಗೆ ಹೆಸರಾದ ಊರು. ಈಗ ತಾಲ್ಲೂಕು ಕೇಂದ್ರವೂ ಹೌದು. ಪ್ರತಿ ಶನಿವಾರ ಮಧ್ಯಾಹ್ನ ಬಸ್ಸು ಹತ್ತುತ್ತೇನೆ. ಒಂದು ಶನಿವಾರ ಪಕ್ಕದ ಆಸನದಿಂದ “ಏನ್ರೀ ಇಡ್ಲಿ ಸರ, ಈ ಕಡಿ?” ಎಂಬ ಧ್ವನಿ ಕೇಳಿ ತಿರುಗಿದೆ. ಅದೇ ಹೆಂಗಸು. ಬುಟ್ಟಿಯಿಲ್ಲದೆ ಗುರುತು ಹತ್ತಲಿಲ್ಲ. ಹತ್ತು ವರ್ಷ ಪಾಠ ಹೇಳಿ ನಾನು ಗಳಿಸಿದ ಬಿರುದು ಇದು! ಆದರೆ ಆಕೆ ನನ್ನನ್ನು ಗಮನಿಸಿದ್ದಳು, ನಾನೇನು ತಿನ್ನುತ್ತೇನೆಂಬುದೂ ಗೊತ್ತಿತ್ತು. ನನಗೆ ಆಕೆಯ ಹೆಸರು ಕೂಡ ಗೊತ್ತಿರಲಿಲ್ಲ.

ಕಮಲಾಪುರಕ್ಕಿಂತ ಮೊದಲೇ ಸಿಗುವ ಹಳ್ಳಿ ಆಕೆಯದು. 2023ರ ಜೂನ್ 11ರಿಂದ ನಮ್ಮ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲವಷ್ಟೆ. ಅದಕ್ಕೆ ಮುಂಚೆ ದಿನವೂ ಊರಿಂದ ಬಂದುಹೋಗುವುದು ಗಿಟ್ಟುತ್ತಿರಲಿಲ್ಲವಂತೆ. ಕಂಡಕ್ಟರನು ಕೊಟ್ಟ ಶೂನ್ಯ ಬೆಲೆಯ ಚೀಟಿಯನ್ನು ಆಕೆ ನೋಟಿನಂತೆ ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟುಹಾಕಿಕೊಂಡಳು. ಮಾತಿನ ನಡುವೆ ನಾನು, ಆ ಡಬ್ಬಿಯ ಹಣ ನಿಮಗೆ ತಿಂಗಳಿಗೆಷ್ಟು ಬರುತ್ತದೆ ಎಂದು ಕೇಳಿದೆ. ನಾಲ್ಕು ತಿಂಗಳ ಹತ್ತರ ನೋಟುಗಳು ನನ್ನ ಧ್ವನಿಯಲ್ಲಿ ಸ್ವಲ್ಪ ಕೇಳಿಸಿದ್ದರೂ ಕೇಳಿಸಿರಬಹುದು.

“ಅದು ಒಳಗ ದೋಸಿ ಹಾಕೋರಿಗೆ, ಗಲ್ಲಾದವರಿಗೆ ರೀ. ನಾ ಗುತ್ತಿಗಿದಾಕಿ. ನನಗ ಅದ್ರಾಗ ಪಾಲಿಲ್ಲ” ಎಂದಳು. ಹೇಳಿದ ರೀತಿಯಲ್ಲಿ ದೂರೇನೂ ಇರಲಿಲ್ಲ. ಈ ಬಸ್ಸು ನಮ್ಮೂರಲ್ಲಿ ನಿಲ್ಲುವುದಿಲ್ಲ ಎನ್ನುವಷ್ಟೇ ಸಹಜವಾಗಿ ಹೇಳಿದಳು.

ಅಮೆರಿಕದಲ್ಲಿ ಭಕ್ಷೀಸು ಪಡೆಯುವ ನೌಕರರಿಗೆ ಮಾಲೀಕನು ಕೊಡಲೇಬೇಕಾದ ಕನಿಷ್ಠ ಕೂಲಿಯನ್ನು ಅಲ್ಲಿನ ಒಕ್ಕೂಟ ಸರ್ಕಾರದ ಕಾನೂನು 1991ರಿಂದಲೂ ಗಂಟೆಗೆ 2.13 ಡಾಲರಿನಲ್ಲೇ ನಿಲ್ಲಿಸಿದೆ; ಉಳಿದುದನ್ನು ಗಿರಾಕಿಯ ಔದಾರ್ಯ ತುಂಬಬೇಕೆಂಬ ಲೆಕ್ಕ. ಜಪಾನಿನಲ್ಲಿ ಭಕ್ಷೀಸು ಕೊಡುವ ರೂಢಿಯೇ ಇಲ್ಲ. ಎರಡು ಕಡೆಯೂ ಮನುಷ್ಯನಿಗೆ ತಾನೇನು ಮಾಡಬೇಕೆಂಬುದು ತಿಳಿದಿರುತ್ತದೆ. ನಮ್ಮಲ್ಲಿ ಮಾತ್ರ ಹಣ ಹಾಕಿದವನಿಗೆ ಅದು ಎಲ್ಲಿಗೆ ಹೋಯಿತೆಂಬುದು ತಿಳಿಯದು. ಯಾರ ಹೆಸರು ನೆನೆದು ಹಾಕಿದನೋ ಅವರಿಗಂತೂ ಹಾಕಿದ್ದೇ ತಿಳಿಯದು. ದೋಸೆ ಹಾಕುವವರಿಗೂ ಬೇಕು, ಇಲ್ಲವೆನ್ನುವುದಿಲ್ಲ; ಬೆಂಕಿಯ ಮುಂದೆ ನಿಂತವರು ಅವರು. ಆದರೆ ನಾನು ಆ ನೋಟನ್ನು ಬಿಟ್ಟಾಗಲೆಲ್ಲ ಓರೆಗಣ್ಣಿನಿಂದ ನೋಡಿದ್ದು ಗಲ್ಲೆಯ ಕಡೆಗೆ, ಬುಟ್ಟಿಯ ಕಡೆಗಲ್ಲ. ಅದು ನೆನಪಾಗಿ ಕಿಟಕಿಯಾಚೆಯ ತೊಗರಿ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಹಾಗೆಂದು ಸುಮ್ಮನಿರಲೂ ಆಗಲಿಲ್ಲ. ಜೇಬಿನಿಂದ ಐವತ್ತರ ನೋಟೊಂದನ್ನು ತೆಗೆದು ಮುಂದೆ ಹಿಡಿದೆ. ಆಕೆಯ ಮುಖ ಬಿಗಿಯಿತು. “ಬಸ್ಸಿನ್ಯಾಗ ಯಾಕ್ರಿ ಸರ? ಇಲ್ಲಿ ನಾ ನಿಮ್ಮ ತಾಟು ಎತ್ತೀನೇನು?” ಎಂದು ಕೇಳಿದಳು. ನೋಟು ಮತ್ತೆ ಜೇಬಿಗೆ ಹೋಗಬೇಕಾಯಿತು. ಆಕೆಯ ಊರು ಬರುವವರೆಗೆ ನಾವಿಬ್ಬರೂ ಮಾತಾಡಲಿಲ್ಲ. ಇಳಿಯುವಾಗ ಮಾತ್ರ, “ಅಮ್ಮಗ ಕೇಳೀನಿ ಅಂತ ಹೇಳ್ರಿ” ಎಂದಳು. ತಾಯಿಯನ್ನು ನೋಡಲು ಹೋಗುತ್ತಿದ್ದೇನೆಂದು ನಾನೇ ಮೊದಲು ಹೇಳಿದ್ದೆ.

ರಾತ್ರಿ ಊಟಕ್ಕೆ ಕುಳಿತಾಗ ತಾಯಿಗೆ ಇದನ್ನೆಲ್ಲ ಹೇಳಿದೆ. ಆಕೆ ರೊಟ್ಟಿ ನೀಡುತ್ತ, “ಹೆಸರು ಕೇಳಿದ್ಯೇನು?” ಎಂದಳು. ಕೇಳಿರಲಿಲ್ಲ. ಸೋಮವಾರ ಬೆಳಿಗ್ಗೆ ಹೊರಡುವಾಗ ನನ್ನ ಚೀಲದಲ್ಲಿ ಆರು ಕೆಂಪು ಬಾಳೆಹಣ್ಣುಗಳಿದ್ದವು. ಎರಡು ನನಗೆ, ನಾಲ್ಕು ‘ಆಕಿಗೆ’.

ಅಂದು ತಟ್ಟೆಯನ್ನು ಮೇಜಿನ ಮೇಲೆಯೇ ಬಿಟ್ಟು ಕಾದೆ. ಆಕೆ ಬಂದು ಎತ್ತಿದಳು. ಹತ್ತರ ನೋಟನ್ನು ಕೈಗೇ ಕೊಟ್ಟೆ, ತಡವರಿಸದೆ ತೆಗೆದುಕೊಂಡಳು. ಹತ್ತು ಸಾಲದೆಂಬ ಅನುಮಾನ ನನಗೆ ಆಗಲೂ ಇತ್ತು, ಈಗಲೂ ಇತ್ಯರ್ಥವಾಗಿಲ್ಲ. ಹಣ್ಣು ಕೊಟ್ಟು, ತಾಯಿ ಕೊಟ್ಟದ್ದೆಂದು ಹೇಳಿ, ಹೆಸರು ಕೇಳಿದೆ. ಹೇಳಿದಳು. ಅದನ್ನು ಇಲ್ಲಿ ಬರೆಯುವುದು ನನ್ನ ಕೆಲಸವಲ್ಲ. ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಒಂದು ಹಣ್ಣನ್ನು ಸುಲಿದು, ಗಿರಾಕಿಗಳ ನಡುವೆ ಫ್ಯಾನಿನ ಕೆಳಗೆ ನಿಂತೇ ತಿಂದಳು. ಸಿಪ್ಪೆಯನ್ನು ತನ್ನ ಬುಟ್ಟಿಗೇ ಹಾಕಿಕೊಂಡು, “ನಡೀರಿ ಇಡ್ಲಿ ಸರ, ನಿಮ್ಮ ಕ್ಲಾಸಿಗೆ ಹೊತ್ತಾಗ್ತದ” ಎಂದಳು.