ಬೆಟ್ಟದ ಕಲ್ಲು ಕೆಂಪೇಕೆ?

ಸರಸ್ವತಿಪುರಂನಲ್ಲಿ ಮನೆ ಮಾಡಿದವರಿಗೆ ಒಂದು ಅನುಕೂಲವಿದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಆಗ್ನೇಯಕ್ಕೆ ಚಾಮುಂಡಿ ಬೆಟ್ಟ ಕಾಣುತ್ತದೆ. ದೇವತೆಗಳೆಲ್ಲ ಸೋತ ಮೇಲೆ ದೇವಿಯೊಬ್ಬಳೇ ನಿಂತು ಗೆದ್ದ ಯುದ್ಧಭೂಮಿ ಅದು ಎಂಬ ಕಥೆಯನ್ನು ಮೈಸೂರಿನ ಮಕ್ಕಳು ಕೈತುತ್ತಿನ ಜೊತೆಗೇ ಕೇಳಿ ಬೆಳೆಯುತ್ತಾರೆ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ತರಗತಿಯಲ್ಲಿ ಶಿಲೆಗಳ ಪಾಠ ನಡೆದಿತ್ತು. ಗ್ರಾನೈಟಿಗೆ ಬಣ್ಣ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಬೆಟ್ಟದ ಕಲ್ಲು ಕೆಂಪಗಿರೋದು ಮಹಿಷಾಸುರನ ರಕ್ತದಿಂದ, ನಮ್ಮಜ್ಜಿ ಹೇಳಿದ್ದಾರೆ" ಎಂದ. ನಾನು ನಕ್ಕುಬಿಟ್ಟೆ. ಮೇಷ್ಟ್ರೇ ನಕ್ಕ ಮೇಲೆ ತರಗತಿ ಸುಮ್ಮನಿದ್ದೀತೆ? ಆ ವರ್ಷ ಮುಗಿಯುವವರೆಗೂ ಆ ಹುಡುಗ ಮತ್ತೆ ಕೈ ಎತ್ತಲಿಲ್ಲ.

ಕಳೆದ ನವರಾತ್ರಿಯಲ್ಲಿ ನಮ್ಮ ಬೀದಿಯ ಏಳನೇ ತರಗತಿ ಹುಡುಗಿ ಬೊಂಬೆ ನೋಡಲು ಬಂದವಳು, "ಸಾರ್, ಆ ಯುದ್ಧ ನಿಜವಾಗ್ಲೂ ನಡೀತಾ?" ಎಂದು ಕೇಳಿದಳು. ಜೊತೆಗಿದ್ದ ಅವಳ ತಂದೆ "ಹಾಗೆಲ್ಲ ಕೇಳ್ಬಾರ್ದು ಪುಟ್ಟಿ" ಎಂದು ಗದರಿಸಿದರು. ಹಳೆಯ ಹುಡುಗನ ಮುಖ ನೆನಪಾಯಿತು. "ಭಾನುವಾರ ಮೂವರೂ ಮೆಟ್ಟಿಲು ಹತ್ತೋಣ, ಅಲ್ಲೇ ಮಾತಾಡೋಣ" ಎಂದೆ.

ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1000 ಮೀಟರಿಗೂ ತುಸು ಹೆಚ್ಚು. ಊರೇ 750 ಮೀಟರಿನ ಮೇಲಿರುವುದರಿಂದ ನಾವು ಹತ್ತುವುದು ಮುನ್ನೂರರ ಆಸುಪಾಸು ಮಾತ್ರ. ದೊಡ್ಡದೇವರಾಜ ಒಡೆಯರು 17ನೇ ಶತಮಾನದಲ್ಲಿ ಮಾಡಿಸಿದ ಮೆಟ್ಟಿಲುಗಳು ಸುಮಾರು ಒಂದು ಸಾವಿರ. ಎಣಿಸಿದವರೆಲ್ಲ ಬೇರೆ ಬೇರೆ ಸಂಖ್ಯೆ ಹೇಳುತ್ತಾರೆ! ಹೆಂಗಸರು ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ, ಬಗ್ಗಿ ಬಗ್ಗಿ ಏರುತ್ತಿದ್ದರು.

ಏದುಸಿರು ಬಿಡುತ್ತಲೇ ಕಥೆ ಹೇಳಿದೆ. ಮಾರ್ಕಂಡೇಯ ಪುರಾಣದ ದೇವೀ ಮಾಹಾತ್ಮ್ಯೆಯ ಪ್ರಕಾರ ದೇವಾಸುರರ ಕಾಳಗ ನಡೆದದ್ದು ನೂರು ವರ್ಷ. ಮಹಿಷ ಗೆದ್ದು ಇಂದ್ರನ ಪಟ್ಟವೇರಿದ. ಸೋತ ದೇವತೆಗಳ ಮೈಯಿಂದ ಹೊರಟ ತೇಜಸ್ಸೆಲ್ಲ ಒಂದುಗೂಡಿ ದೇವಿಯಾಯಿತು. ಶಿವ ಶೂಲ ಕೊಟ್ಟ, ವಿಷ್ಣು ಚಕ್ರ ಕೊಟ್ಟ, ವಾಯು ಬಿಲ್ಲು ಬತ್ತಳಿಕೆ, ಹಿಮವಂತ ಸಿಂಹ. ಎದುರು ಪಕ್ಷದಲ್ಲಿ ಉದಗ್ರನೊಬ್ಬನದೇ 60,000 ರಥ. "ಅಷ್ಟು ರಥ ಈ ಬೆಟ್ಟದ ಮೇಲೆ ಹಿಡಿಸುತ್ತಾ ಸಾರ್?" ಎಂದಳು ಹುಡುಗಿ. ತಂದೆ ಈ ಸಲ ಗದರಿಸಲಿಲ್ಲ. ಅವರಿಗೆ ಉಸಿರೇ ಇರಲಿಲ್ಲ.

ಏಳುನೂರರ ಸುಮಾರಿಗೆ ನಂದಿ. ಒಂದೇ ಬಂಡೆಯಲ್ಲಿ ಕಡೆದದ್ದು, 16 ಅಡಿ ಎತ್ತರ. ಅಲ್ಲಿ ಕುಳಿತು ಪಕ್ಕದ ಬಂಡೆಯೊಂದಕ್ಕೆ ಭೂತಗನ್ನಡಿ ಹಿಡಿಸಿದೆ. ಬೆಣಚುಕಲ್ಲಿನ ಹರಳು, ಅಭ್ರಕದ ಕರಿ ಚುಕ್ಕೆ, ನಡುವೆ ನಸುಗೆಂಪು ಫೆಲ್ಡ್‌ಸ್ಪಾರ್. ಆ ಕೆಂಪಿಗೆ ಕಾರಣ ಅದರಲ್ಲಿ ಸೇರಿದ ಅತ್ಯಲ್ಪ ಕಬ್ಬಿಣದ ಅಂಶ. ರಕ್ತದ ಕೆಂಪಿಗೂ ಬೇಕಾದುದು ಕಬ್ಬಿಣವೇ ಅಲ್ಲವೆ? ಹಿಂದಿನ ಬೆಂಚಿನ ಹುಡುಗನ ಉತ್ತರ ತಪ್ಪಾಗಿತ್ತು, ಕಣ್ಣು ತಪ್ಪಾಗಿರಲಿಲ್ಲ. ಅದನ್ನು ಅಂದೇ ಹೇಳಬೇಕಾಗಿತ್ತು.

ಸುತ್ತಲಿನ ನೆಲ 250 ಕೋಟಿ ವರ್ಷಕ್ಕೂ ಹಳೆಯದು. ಅದರೊಳಗೆ ಕರಗಿದ ಶಿಲೆ ನುಗ್ಗಿ, ಆರಿ, ಈ ಬೆಟ್ಟದ ಕಲ್ಲಾದದ್ದು ಸುಮಾರು 80 ಕೋಟಿ ವರ್ಷಗಳ ಹಿಂದೆ ಎಂಬುದು ಭೂವಿಜ್ಞಾನಿಗಳ ಲೆಕ್ಕ. ನಮ್ಮ ಮನುಷ್ಯಜಾತಿಗೆ ಇನ್ನೂ ಮೂರು ಲಕ್ಷ ವರ್ಷ. ಯುದ್ಧ ನಡೆಯಿತು ಎನ್ನಲು ಕಲ್ಲಿನಲ್ಲಿ ಸಾಕ್ಷಿ ಇಲ್ಲ. ಆ ಕಥೆಯನ್ನು ಜನ ಸುಮಾರು ಒಂದೂವರೆ ಸಾವಿರ ವರ್ಷದಿಂದ ಹೇಳಿಕೊಂಡು ಬಂದಿದ್ದಾರೆ ಎನ್ನಲು ಸಾಕ್ಷಿ ಬೇಕಾದಷ್ಟಿದೆ. ಇಷ್ಟನ್ನೇ ಹುಡುಗಿಗೆ ಹೇಳಿದೆ.

ಮೇಲೆ ಮಹಿಷಾಸುರನ ಪ್ರತಿಮೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು, ಹುರಿ ಮೀಸೆ. "ಕೋಣ ಎಲ್ಲಿ?" ಪುರಾಣದಲ್ಲಿ ಅವನು ಕೋಣ, ಸಿಂಹ, ಕತ್ತಿ ಹಿಡಿದ ಪುರುಷ, ಆನೆ, ಮತ್ತೆ ಕೋಣ ಹೀಗೆ ರೂಪ ಬದಲಿಸುತ್ತಾನೆ, ಶಿಲ್ಪಿ ಪುರುಷನನ್ನು ಆರಿಸಿಕೊಂಡ. ಇನ್ನೊಂದು ಸ್ವಾರಸ್ಯ: ಪುರಾಣದಲ್ಲಿ ಚಾಮುಂಡಾ ಎಂಬ ಹೆಸರು ಬರುವುದು ಮಹಿಷನ ವಧೆಯಿಂದಲ್ಲ, ಮುಂದಿನ ಯುದ್ಧದಲ್ಲಿ ಚಂಡ ಮುಂಡರನ್ನು ಕೊಂದದ್ದರಿಂದ. ಮೈಸೂರಿನವರು ಎರಡನ್ನೂ ಒಬ್ಬಳಿಗೇ ಒಪ್ಪಿಸಿದ್ದಾರೆ. ಮಹಿಷ ಈ ನಾಡನ್ನಾಳಿದ ದೊರೆ ಎಂದು ಗೌರವಿಸುವವರೂ ಊರಲ್ಲಿದ್ದಾರೆ. ಅಶೋಕನ ಕಾಲದಲ್ಲಿ ಬೌದ್ಧ ಭಿಕ್ಷು ಮಹಾದೇವ ಮಹಿಷಮಂಡಲಕ್ಕೆ ಬಂದನೆಂದು ಸಿಂಹಳದ ಮಹಾವಂಶ ಹೇಳುತ್ತದೆ. ಅದು ನಮ್ಮ ಮೈಸೂರೋ ನರ್ಮದೆಯ ದಡವೋ ಎಂದು ವಿದ್ವಾಂಸರು ಈಗಲೂ ವಾದಿಸುತ್ತಾರೆ.

ಪುರಿ ತಿನ್ನುತ್ತ ಕುಳಿತಾಗ ತಂದೆ ತಾವಾಗಿಯೇ ಬಾಯಿ ಬಿಟ್ಟರು. ಅವರ ಅಜ್ಜಿಯ ಊರು ಬೆಟ್ಟದ ಹಿಂದಿನ ಉತ್ತನಹಳ್ಳಿಯ ಕಡೆ. "ಅಜ್ಜಿ ಹೇಳೋ ಕಥೆ ಬೇರೆ ಮೇಷ್ಟ್ರೇ. ಮಹಿಷನ ರಕ್ತದ ಒಂದೊಂದು ಹನಿಗೂ ಒಬ್ಬೊಬ್ಬ ರಾಕ್ಷಸ ಹುಟ್ತಿದ್ನಂತೆ. ಚಾಮುಂಡಿಗೆ ಸಾಕಾಗಿಹೋಯ್ತು. ಆಗ ತಂಗಿ ಉತ್ತನಹಳ್ಳಿ ಅಮ್ಮ ನೆಲದ ಮೇಲೆ ನಾಲಿಗೆ ಹಾಸಿದಳು. ಒಂದು ತೊಟ್ಟೂ ಕೆಳಗೆ ಬೀಳದ ಹಾಗೆ ನೆಕ್ಕಿಬಿಟ್ಟಳು."

ಹುಡುಗಿ ಪುರಿ ಪೊಟ್ಟಣ ಕೆಳಗಿಟ್ಟಳು.

"ಅಪ್ಪ, ಒಂದು ತೊಟ್ಟೂ ಬೀಳ್ಲಿಲ್ಲ ಅಂದ್ರೆ ಕಲ್ಲು ರಕ್ತದಿಂದ ಕೆಂಪಾಗಿದ್ದು ಹೇಗೆ?"

ಅಪ್ಪ ನನ್ನ ಮುಖ ನೋಡಿದರು. ನಾನು ಈ ಬಾರಿ ನಗಲಿಲ್ಲ. ನಕ್ಕವರು ಅವರು.