ಕಾರಿನ ಮೈಗೆ ಜೇಡಿಮಣ್ಣು

ನಮ್ಮ ತೀರ್ಥರೂಪರು 2008ರಲ್ಲಿ ಕೊಂಡ ಬಿಳಿ ಮಾರುತಿ 800 ಕಾರು, ಅವರು ತೀರಿಕೊಂಡ ಮೇಲೆ ಎರಡು ವರ್ಷ ಮನೆಯ ಹಲಸಿನ ಮರದ ಕೆಳಗೇ ನಿಂತಿತ್ತು. ತಾಯಿಯವರನ್ನು ಪುಳಿಯಾರ್ಮಲೆಯ ಅನಂತನಾಥ ಸ್ವಾಮಿ ಬಸದಿಗೆ ಕರೆದೊಯ್ದದ್ದು, ಮೆಣಸಿನ ವ್ಯಾಪಾರಕ್ಕೆಂದು ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳನ್ನು ಇಳಿದು ಕೋಳಿಕ್ಕೋಡಿಗೆ ಹೋಗಿಬಂದದ್ದು, ಎಲ್ಲವೂ ಅದರಲ್ಲೇ. ಮಾರುವ ಮಾತೆತ್ತಿದರೆ ತಾಯಿ ಎದ್ದು ಒಳಗೆ ಹೋಗುತ್ತಿದ್ದರು. ಕೊನೆಗೆ ಕಳೆದ ವರ್ಷ ಅವರೇ ಒಪ್ಪಿದರು. ಪನಮರಂ ಕಡೆಯ ಮಾಸ್ತರೊಬ್ಬರು ಭಾನುವಾರ ನೋಡಲು ಬರುವುದೆಂದಾಯಿತು.

ಕಾರನ್ನು ತೊಳೆದೆವು. ಬಿಳುಪು ಬಂತು, ಆದರೆ ಕೈಯಾಡಿಸಿದರೆ ರವೆ ಸವರಿದಂತೆ ತರಿತರಿ. ಆಗ ಮಗ ಕೋಳಿಕ್ಕೋಡಿನಿಂದ ಸಾಬೂನಿನಷ್ಟು ದೊಡ್ಡ ಮೆತ್ತನೆಯ ಗಟ್ಟಿಯೊಂದನ್ನು ತಂದ. ಇದಕ್ಕೆ ಕ್ಲೇ ಬಾರ್ ಎನ್ನುತ್ತಾರಂತೆ. "ಕಾರಿಗೂ ಮುಲ್ತಾನಿ ಮಿಟ್ಟಿಯೇನೋ?" ಎಂದು ತಾಯಿ ನಕ್ಕರು. ಬಹಳ ದಿನದ ಮೇಲೆ ಕೇಳಿದ ನಗು ಅದು.

ಹೆಸರಿಗೆ ಜೇಡಿಮಣ್ಣು, ನಿಜವಾಗಿ ಅದು ಕೃತಕ ರಾಳದಂಥ ಪದಾರ್ಥಕ್ಕೆ ಅತಿ ನುಣುಪಾದ ಉಜ್ಜುಪುಡಿ ಬೆರೆಸಿದ ಮುದ್ದೆ. ಜಪಾನಿನಲ್ಲಿ ಹುಟ್ಟಿ, 1990ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಘಾಟಿ ಇಳಿಯುವಾಗ ಬ್ರೇಕಿನಿಂದ ಉದುರುವ ಕಬ್ಬಿಣದ ಪುಡಿ, ರಸ್ತೆಯ ಟಾರು, ಮರದ ಅಂಟು ಇವೆಲ್ಲ ಬಣ್ಣಕ್ಕೆ ಕಚ್ಚಿಕೊಂಡರೆ ನೀರು ಸಾಬೂನಿಗೆ ಬಗ್ಗುವುದಿಲ್ಲ. ಈ ಮುದ್ದೆ ಅವನ್ನು ಮೆಲ್ಲಗೆ ಕಿತ್ತು ತನ್ನೊಳಗೆ ಎಳೆದುಕೊಳ್ಳುತ್ತದೆ.

ಮಾಡುವ ಕ್ರಮ ಹೀಗೆ. ಕಾರನ್ನು ಚೆನ್ನಾಗಿ ತೊಳೆದು ನೆರಳಿನಲ್ಲಿ ನಿಲ್ಲಿಸಬೇಕು, ತಗಡು ಬಿಸಿಯಿರಬಾರದು. ಕಾರಿನ ಶಾಂಪೂ ಕೆಲವು ಹನಿ ಬೆರೆಸಿದ ನೀರನ್ನು ಧಾರಾಳವಾಗಿ ಚಿಮುಕಿಸಬೇಕು. ಮುದ್ದೆಯನ್ನು ಬಿಲ್ಲೆಯಂತೆ ತಟ್ಟಿ, ಒತ್ತದೆ, ನೇರ ಗೆರೆಯಲ್ಲಿ ಹಿಂದೆ ಮುಂದೆ ಜಾರಿಸಬೇಕು. ಮೊದಲು ಗರಗರ ಎನ್ನುವುದು ನಿಧಾನವಾಗಿ ಸದ್ದಿಲ್ಲದಾಗುತ್ತದೆ. ಬಿಲ್ಲೆ ಕಪ್ಪಾದರೆ ಮಡಿಸಿ ಹೊಸ ಮೈ ತೆಗೆಯಬೇಕು. ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಸವರಿದರೆ ಉಳಿದ ತರಿ ಬೆರಳಿಗೆ ತಿಳಿಯುತ್ತದೆ.

ನಮ್ಮ ಕೈಯಿಂದ ಒಂದು ತುಂಡು ಅಂಗಳಕ್ಕೆ ಬಿತ್ತು. ವ್ಯಾಪಾರದ ಮನೆಯವರಲ್ಲವೇ, ತೊಳೆದು ಮತ್ತೆ ಬಳಸಹೊರಟೆವು. ಮಗ ತಡೆದ. ಅಂಟಿದ ಒಂದೇ ಮರಳ ಕಣ ಇಡೀ ಬಾನೆಟ್ಟಿಗೆ ಗೀರೆಳೆಯುತ್ತದೆ. ಆದ್ದರಿಂದ ಗಟ್ಟಿಯನ್ನು ಮೊದಲೇ ಮೂರು ನಾಲ್ಕು ತುಂಡು ಮಾಡಿಟ್ಟುಕೊಳ್ಳುವುದು ಲೇಸು. ಬಿದ್ದದ್ದನ್ನು ಎಸೆದರೂ ನಷ್ಟ ಕಡಿಮೆ.

ಹೀಗೆ ಉಜ್ಜಿದಾಗ ಹಳೆಯ ಮೇಣವೂ ಹೋಗುವುದರಿಂದ ಹೊಸದಾಗಿ ಮೇಣ ಸವರಲೇಬೇಕು. ನಮ್ಮ ಮನೆಗಳವರು ಇಲ್ಲಿ ಡಬ್ಬಿಯ ಮೇಲಿನದನ್ನು ಓದಿ ಕೊಳ್ಳಬೇಕು. ಕೆಲವದರಲ್ಲಿ ಜೇನುಮೇಣ ಇರುತ್ತದೆ. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಯಿಂದ ತೆಗೆಯುವ ಕಾರ್ನೌಬಾ ಮೇಣವೂ ಉಂಟು. ಜೇನು ಮುಟ್ಟದವರಿಗೆ, ಬೇರೆ ಮೇಣ ಬೆರೆಸಿಲ್ಲವೆಂದು ಖಾತ್ರಿಯಾದರೆ, ಅದು ಸರಿ.

ಸಂಜೆಯ ಹೊತ್ತಿಗೆ ಕಾರು ಗಾಜಿನಂತೆ ನುಣುಪಾಯಿತು. ಆದರೆ ಎಡಬಾಗಿಲಿನ ಕೆಳಗೆ ಒಂದು ಕಡೆ ಮಾತ್ರ ಎಷ್ಟು ಜಾರಿಸಿದರೂ ಉಬ್ಬು ಹೋಗಲಿಲ್ಲ. ಕೊಳೆ ಇದ್ದಷ್ಟು ದಿನ ಕಾಣದಿದ್ದ ತುಕ್ಕು, ಬಣ್ಣದ ಅಡಿಯಿಂದಲೇ ಎದ್ದಿತ್ತು. ನೋಡಲು ಬಂದ ಪರಿಚಯದವರೊಬ್ಬರು, "ಪುಟ್ಟಿ ಹಚ್ಚಿ ಬಣ್ಣ ಹೊಡೆಸಿಬಿಡಿ, ಮಾಸ್ತರರಿಗೆ ಎಲ್ಲಿ ತಿಳಿಯುತ್ತದೆ?" ಎಂದರು. ಬೆಲೆ ಹತ್ತು ಸಾವಿರವಾದರೂ ಉಳಿಯುತ್ತಿತ್ತು. ನಿಜ ಹೇಳಬೇಕೆಂದರೆ ನಮ್ಮ ಮನಸ್ಸೂ ಓಲಾಡಿತು.

ಆಗ ನೆನಪಾದದ್ದು ತೀರ್ಥರೂಪರ ಅಂಗೈ. ಮೆಣಸಿನ ಚೀಲ ಬಂದರೆ ಅವರು ಮೊಣಕೈವರೆಗೆ ಕೈಯಿಳಿಸಿ ಒಂದು ಹಿಡಿ ತೆಗೆದು ತಿಕ್ಕುತ್ತಿದ್ದರು. ಅಂಗೈಗೆ ಎಣ್ಣೆಯ ಜಿಡ್ಡು ಹತ್ತಿದರೆ, ಕಾಳು ಎಷ್ಟೇ ಹೊಳೆಯಲಿ, ಚೀಲ ಹಿಂದಕ್ಕೆ. 2012ರ ಕೊನೆಯಲ್ಲಿ ಖನಿಜತೈಲ ಬೆರೆತಿದೆಯೆಂದು ಕೇರಳದ ಗೋದಾಮುಗಳಲ್ಲಿ ಸಾವಿರಾರು ಟನ್ ಮೆಣಸಿಗೆ ಬೀಗ ಬಿದ್ದಾಗ, ನಮ್ಮ ಪುಟ್ಟ ಅಂಗಡಿಗೆ ಅಳುಕಿರಲಿಲ್ಲ. ಕೊಳೆ ತೆಗೆದು ಬಂದ ಹೊಳಪು ಬೇರೆ, ಹುಳುಕು ಮುಚ್ಚಲು ಬಳಿದ ಹೊಳಪು ಬೇರೆ.

ಭಾನುವಾರ ಮಾಸ್ತರರು ಬಂದ ಕೂಡಲೇ ಮೊದಲು ಎಡಬಾಗಿಲನ್ನೇ ತೋರಿಸಿದೆವು. ಅವರು ಬಗ್ಗಿ ನೋಡಿದರು. ಬೆಲೆಯಲ್ಲಿ ಎಂಟು ಸಾವಿರ ಇಳಿಸಿದರು. ಒಪ್ಪಿದೆವು. ಆಮೇಲೆ ಅವರು ಉಳಿದ ಭಾಗವನ್ನು ಹುಡುಕಿ ನೋಡಲೇ ಇಲ್ಲ. "ಇದನ್ನೇ ಹೇಳಿದವರು ಬೇರೇನು ಮುಚ್ಚಿಟ್ಟೀರಿ?" ಎಂದು ಹಣ ಎಣಿಸಿಕೊಟ್ಟರು.

ಹೊರಡುವಾಗ ತಾಯಿ ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿದರು. "ಮಾಸ್ತರೇ, ಹಲಸಿನ ಮರದ ಕೆಳಗೆ ಮಾತ್ರ ನಿಲ್ಲಿಸಬೇಡಿ" ಎಂದು ಹೇಳಿ, ಈ ಸಲ ಒಳಗೆ ಹೋಗದೆ, ಕಾರು ತಿರುವು ದಾಟುವವರೆಗೂ ಅಂಗಳದಲ್ಲೇ ನಿಂತಿದ್ದರು.