ಮೂವತ್ತು ಅಡಿಯ ಸಂಸಾರ

ಸಂಸಾರವನ್ನು ಸಾಗರವೆಂದರು ನಮ್ಮ ಹಿರಿಯರು. ಇಂಗ್ಲೆಂಡಿನ ಎರಿಕ್ ಮತ್ತು ಸೂಸನ್ ಹಿಸ್ಕಾಕ್ ದಂಪತಿಗಳು ಸಾಗರದಲ್ಲಿಯೇ ಸಂಸಾರ ಹೂಡಿದರು. ‘ವಾಂಡರರ್ 3’ ಎಂಬ ಅವರ ಮರದ ಹಾಯಿದೋಣಿಯ ಉದ್ದ 30 ಅಡಿ. ಎರಿಕ್‌ನ ಕಣ್ಣು ಮಂದ. ಆದರೂ ಇಬ್ಬರೇ 1952ರಲ್ಲಿ ಹೊರಟು, 1955ರಲ್ಲಿ ಭೂಮಂಡಲವನ್ನು ಸುತ್ತಿ ಬಂದರು. ಮರುವರ್ಷ ಅದು ಪುಸ್ತಕವೂ ಆಯಿತು.

ನಮ್ಮ ಮನೆಯಲ್ಲಿ ದೋಣಿ ಅಪ್ಪನದು, ದಡ ಅಮ್ಮನದು. ಅವಳು ದೋಣಿ ಹತ್ತಿದವಳಲ್ಲ. ಮೀನಿನ ಬುಟ್ಟಿ ಹೊತ್ತು ಊರೂರು ಅಲೆದವಳು. ಹಿಸ್ಕಾಕರದು ಒಲಿದು ಹಿಡಿದ ದಾರಿ, ಇವರದು ಹೊಟ್ಟೆಯ ಪಾಡು. ಆದರೆ ಒಬ್ಬರನ್ನೊಬ್ಬರು ನಂಬದಿದ್ದರೆ ಎರಡು ದೋಣಿಗಳೂ ದಡ ಸೇರಲಾರವು. ಅಕ್ಷರವರಿಯದ ಇವರ ಕಥೆ ಯಾವ ಪುಸ್ತಕದಲ್ಲಿಯೂ ಇಲ್ಲ. ಇವರ ದುಡಿಮೆಯಿಂದಲೇ ಬಿ.ಎ.ವರೆಗೆ ಬಂದ ನಾನು ಅದನ್ನು ಬರೆಯದಿದ್ದರೆ ಬರೆಯುವವರು ಯಾರು?